ಬಾಗಿಲ ಹೊರಗೆ ಕೂತ ತಿತಿಲಿಯಾ

ನನ್ನ ತಂಗಿ ತಿತಿಲಿಯಾಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ದಿನ ನಮ್ಮ ದ್ವೀಪದ ಚರ್ಚಿನ ಮುಂದೆ ಮರದ ನಗಾರಿ ಬಾರಿಸಿದರು. ನಮ್ಮ ಹಳ್ಳಿಯಿಂದ ಅಲ್ಲಿಗೆ ಹೋದವರು ಅದಕ್ಕೆ ಮುಂಚೆ ಒಬ್ಬರೂ ಇರಲಿಲ್ಲ. ಅವಳು ಹಡಗು ಹತ್ತುವಾಗ ಕೊರಳಲ್ಲಿ ಎಷ್ಟು ಹೂವಿನ ಹಾರ ಇತ್ತೆಂದರೆ ಮುಖವೇ ಕಾಣುತ್ತಿರಲಿಲ್ಲ.

ವಿಶ್ವವಿದ್ಯಾಲಯವಿರುವ ಸುವಾ ಪಟ್ಟಣದಲ್ಲಿ ನಾವಿಬ್ಬರೂ ಲೈಸಾನಿ ಅತ್ತೆಯ ಮನೆಯಲ್ಲಿದ್ದೆವು. ಅತ್ತೆ ಕೇದಗೆ ಗರಿಯ ಚಾಪೆ ಹೆಣೆದು ಮಾರುಕಟ್ಟೆಯಲ್ಲಿ ಮಾರುತ್ತಾಳೆ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ತಂಗಿ ಓದುವ ವಿಶ್ವವಿದ್ಯಾಲಯದಲ್ಲೇ ನೆಲ ಒರೆಸುತ್ತೇನೆ. ನನಗೆ ಮಾತು ಕಡಿಮೆ. ಆದರೆ ತಿತಿಲಿಯಾಳ ಪರವಾಗಿ ಮಾತ್ರ ಮೊದಲಿನಿಂದಲೂ ನಾನೇ ಮಾತಾಡುತ್ತಿದ್ದೆ. ನರ್ಸಮ್ಮನ ಹತ್ತಿರ ಎಲ್ಲಿ ನೋವು ಎಂದು ಹೇಳುವವಳು ನಾನು, ಅಂಗಡಿಯಲ್ಲಿ ಅವಳಿಗೆ ಯಾವ ಚಪ್ಪಲಿ ಬೇಕೆಂದು ಹೇಳುವವಳೂ ನಾನು.

ಒಂದು ಸೋಮವಾರ ದೊಡ್ಡ ತರಗತಿಯ ಮುಂದಿನ ಮೊಗಸಾಲೆ ಒರೆಸಲು ಹೋದೆ. ಬಾಗಿಲು ಮುಚ್ಚಿತ್ತು, ಒಳಗೆ ಪಾಠ ನಡೆಯುತ್ತಿತ್ತು. ಹೊರಗೆ ನೆಲದ ಮೇಲೆ ಕಾಲು ಮಡಚಿ ಕೂತಿದ್ದಳು ನನ್ನ ತಂಗಿ. ತೊಡೆಯ ಮೇಲೆ ನೋಟ್‌ಬುಕ್ಕು. ಬಾಗಿಲ ಸಂದಿಯಿಂದ ಕೇಳಿಸಿದಷ್ಟನ್ನು ಬರೆದುಕೊಳ್ಳುತ್ತಿದ್ದಳು.

"ಏನೇ, ಇಲ್ಲಿ ಕೂತಿದೀಯಾ?"

"ತಡ ಆಯ್ತಕ್ಕ."

"ತಡ ಆದ್ರೆ ಒಳಗೆ ಹೋಗ್ಬಾರದಾ?"

"ಎಲ್ರೂ ಕೂತಿದ್ದಾರೆ. ಬಾಗಿಲು ತೆಗೆದ್ರೆ ಮೇಡಂ ಪಕ್ಕದಲ್ಲೇ ತೆರೆಯೋದು. ಅವರ ಮುಂದೆ ಹೆಂಗಕ್ಕ ನೆಟ್ಟಗೆ ನಡ್ಕೊಂಡು ಹೋಗ್ಲಿ?"

ನಾವು ಬೆಳೆದದ್ದೇ ಹಾಗೆ. ಹಿರಿಯರು ಕೂತಿರುವ ಕಡೆ ಹಾದು ಹೋಗಬೇಕಾದರೆ ಸೊಂಟ ಬಗ್ಗಿಸಿ, "ತಿಲೌ, ತಿಲೌ" ಎಂದು ಕ್ಷಮೆ ಕೇಳುತ್ತಾ ಹೋಗಬೇಕು. ಮುನ್ನೂರು ಜನ ನೋಡುವ ಜಾಗದಲ್ಲಿ ಹಾಗೆ ಬಗ್ಗಿ ಹೋದರೆ ನಗುತ್ತಾರೆ, ನೆಟ್ಟಗೆ ಹೋದರೆ ಮರ್ಯಾದೆಗೆಟ್ಟವಳಾಗುತ್ತಾಳೆ. ನನಗೆ ತೋಚಿದ್ದು ಇಷ್ಟೇ: ಅವಳಿಗೆ ಪಾಠ ಕೇಳಿಸಲಿ ಎಂದು ಬಕೆಟ್ಟಿನ ಸದ್ದು ಮಾಡದೆ ಒರೆಸಿದೆ.

ಮರುದಿನ ಅವಳು ಪಾಠಕ್ಕೆ ಅರ್ಧ ಗಂಟೆ ಮುಂಚೆಯೇ ಬಂದಳು. ಬಾಗಿಲು ತೆರೆದೇ ಇತ್ತು. ಆದರೂ ಒಳಗೆ ಹೋಗಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ಅದೇ ಜಾಗದಲ್ಲಿ ಕೂತಳು. ಪಾಠ ಮುಗಿಯುವ ಹೊತ್ತಿಗೆ ಎದ್ದು ಕಂಬದ ಹಿಂದೆ ನಿಂತಳು. ಇದು ತಡವಾದ ವಿಷಯವಲ್ಲ ಎಂದು ಆಗ ನನಗೆ ಗೊತ್ತಾಯಿತು.

ಅವತ್ತು ಸಂಜೆ ತೆಂಗಿನಕಾಯಿ ತುರಿಯುತ್ತಾ ಕೇಳಿದೆ. ಅವಳು ತುರಿಯನ್ನೇ ನೋಡುತ್ತಾ ಹೇಳಿದಳು. ಹಿಂದಿನ ತಿಂಗಳು ಊರಿನಲ್ಲಿ ನಮ್ಮ ತಾತ ತೀರಿಕೊಂಡಿದ್ದರು. ಅತ್ತೆಯೂ ಸೇರಿ ಮೂವರೂ ಹಡಗಿನಲ್ಲಿ ಹೋಗಿದ್ದೆವು. ಹತ್ತನೇ ದಿನದ ಊಟ ಮುಗಿಯದೆ ಮೊಮ್ಮಕ್ಕಳು ಹೊರಡುವಂತಿಲ್ಲ. ಅದು ಮುಗಿಯುವಷ್ಟರಲ್ಲಿ ಹಡಗಿನ ಇಂಜಿನ್ ಕೆಟ್ಟಿತು. ಮೂರು ವಾರ ಕಳೆಯಿತು. ಆ ಮೂರು ವಾರದಲ್ಲಿ ಅವಳ ಒಂದು ಪರೀಕ್ಷೆ ಆಗಿಹೋಗಿತ್ತು, ಒಂದು ಪ್ರಬಂಧ ಕೊಡುವ ದಿನವೂ ದಾಟಿತ್ತು.

"ಹೋಗೋ ಮುಂಚೆ ಮೇಡಂಗೆ ಹೇಳಿದ್ಯಾ?"

"ಸಾವಿಗೆ ಹೋಗ್ತೀನಿ ಅಂತ ಯಾರಾದ್ರೂ ಹೇಳ್ತಾರಾ ಅಕ್ಕ? ಎಲ್ರಿಗೂ ಗೊತ್ತಿರುತ್ತೆ ತಾನೆ?"

ನಮ್ಮ ಊರಿನಲ್ಲಾದರೆ ಅದು ನಿಜ. ಸಾವಿನ ನಗಾರಿ ಬಾರಿಸಿದರೆ ಮೊದಲು ಕಾಣಿಕೆಯ ಚಾಪೆ ಹಿಡಿದು ಬರುವವರೇ ಶಾಲೆಯ ಮೇಷ್ಟ್ರು.

"ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಸೊನ್ನೆ ಇದೆ" ಅಂದಳು. "ಇನ್ನು ಪಾಸಾಗಲ್ಲ. ಪಾಸಾಗ್ದಿದ್ರೆ ವಿದ್ಯಾರ್ಥಿವೇತನ ನಿಲ್ಲಿಸ್ತಾರೆ. ಯಾವ ಮುಖ ಇಟ್ಕೊಂಡು ಒಳಗೆ ಕೂರ್ಲಿ? ಮುಂದಿನ ಹಡಗಿಗೆ ಊರಿಗೆ ಹೋಗ್ಬಿಡ್ತೀನಿ."

ಚಾಪೆ ಹೆಣೆಯುತ್ತಿದ್ದ ಅತ್ತೆ ತಲೆಯೆತ್ತದೆ ಅಂದಳು: "ಹೋಗ್ಲಿ ಬಿಡ್ರೇ. ಅದು ನಮ್ಮಂಥೋರ ಜಾಗ ಅಲ್ಲ. ನಂಜೊತೆ ಕೂತು ಚಾಪೆ ಹೆಣೀಲಿ. ಚಾಪೆ ಯಾರಿಗೂ ಸೊನ್ನೆ ಕೊಡಲ್ಲ."

ಹಾಗೆ ಅಂದಳು, ಆದರೆ ಆಮೇಲೆ ಒಂದು ಗರಿಯನ್ನೂ ಹೆಣೆಯಲಿಲ್ಲ.

ನನಗೆ ನನ್ನ ಎಂಟನೇ ತರಗತಿ ನೆನಪಾಯಿತು. ಮೈಮೇಲೆ ಗುಳ್ಳೆ ಎದ್ದು ಒಂದು ತಿಂಗಳು ಶಾಲೆ ತಪ್ಪಿತ್ತು. ವಾಪಸು ಹೋದಾಗ ಹಲಗೆಯ ಮೇಲಿನ ಲೆಕ್ಕ ಒಂದೂ ತಿಳಿಯಲಿಲ್ಲ. ಕೇಳಲು ನಾಚಿಕೆ. ಹಿಂದಿನ ಸಾಲಿನಲ್ಲಿ ಒಂದು ವಾರ ಕೂತೆ, ಆಮೇಲೆ ಹೋಗುವುದನ್ನೇ ಬಿಟ್ಟೆ. ಯಾರೂ ಬೈಯಲಿಲ್ಲ. ಮನೆಗೆ ಕೆಲಸಕ್ಕೊಂದು ಕೈ ಸಿಕ್ಕಿತು, ಅಷ್ಟೇ.

ಬುಧವಾರ ಬೆಳಗಿನ ಬಿಡುವಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಪರ್ಮಿಲಾ ಎಂದಿನಂತೆ ಕುಂಬಳಕಾಯಿ ಪಲ್ಯ ಸುತ್ತಿದ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟಳು. ಅವಳ ಮಗಳು ಇದೇ ಕಡೆ ಓದಿ ಈಗ ಲಬಾಸಾ ಎಂಬ ಊರಿನಲ್ಲಿ ಶಿಕ್ಷಕಿ. ರೊಟ್ಟಿ ಮುಗಿಯುವ ತನಕ ಧೈರ್ಯ ಸಾಲದೆ, ಕೊನೆಯ ತುಂಡು ನುಂಗಿ ಎಲ್ಲವನ್ನೂ ಹೇಳಿಬಿಟ್ಟೆ.

ಪರ್ಮಿಲಾ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಸತ್ತಿದ್ದು ನಿಮ್ಮ ತಾತ ಕಣೇ, ಅವಳ ಓದಲ್ಲ. ಸಂಜೆ ನಿಮ್ಮನೇಗೆ ಬರ್ತೀನಿ. ಟೀ ಇಡು."

ಸಂಜೆ ಬಂದವಳೇ ಚಾಪೆಯ ಮೇಲೆ ಕೂತು, ನಿಂಬೆ ಎಲೆಯ ಟೀ ಕುಡಿಯುತ್ತಾ, "ಎಲ್ಲಿ, ಮೊದಲ ವಾರ ಒಂದು ಕಟ್ಟು ಕಾಗದ ಕೊಟ್ಟಿರ್ತಾರಲ್ಲ, ತಗೊಂಡು ಬಾ" ಎಂದಳು.

ತಿತಿಲಿಯಾ ತಂದಳು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ಸುಕ್ಕೂ ಇಲ್ಲದೆ ಇಟ್ಟಿದ್ದಳು.

"ಓದಿದ್ಯಾ?"

"ಇಲ್ಲ ಆಂಟಿ. ಹಾಳಾಗ್ಬಾರ್ದು ಅಂತ ಜೋಪಾನ ಮಾಡಿದ್ದೆ."

"ಭೇಷ್! ನಿಮ್ಮೂರಿಗೆ ಹಡಗು ಯಾವತ್ತು ಹೊರಡುತ್ತೆ ಅಂತ ನೋಡ್ದೆ ಯಾರಾದ್ರೂ ಗಂಟು ಕಟ್ಕೊಂಡು ದಕ್ಕೇಲಿ ಕೂತ್ಕೋತಾರಾ? ಇದೂ ಹಂಗೇನೇ. ಯಾವ ದಿನ ಪರೀಕ್ಷೆ, ಯಾವ ದಿನ ಪ್ರಬಂಧ, ಯಾವುದಕ್ಕೆ ಎಷ್ಟು ಅಂಕ, ಮೇಡಂ ಯಾವ ಹೊತ್ತಲ್ಲಿ ಕೋಣೇಲಿ ಸಿಗ್ತಾರೆ, ಎಲ್ಲಾ ಇದ್ರಲ್ಲೇ ಇದೆ. ನೋಡು, ಏಳನೇ ಪುಟ ಓದು. ಗಟ್ಟಿಯಾಗಿ."

ತಿತಿಲಿಯಾ ಓದಿದಳು. ಕಾಯಿಲೆಯಿಂದಲೋ ಮನೆಯಲ್ಲಿ ಸಾವಾಗಿಯೋ ಪರೀಕ್ಷೆಯೋ ಪ್ರಬಂಧವೋ ತಪ್ಪಿದರೆ, ವಾಪಸು ಬಂದ ಹತ್ತು ಕೆಲಸದ ದಿನಗಳೊಳಗೆ ಅರ್ಜಿ ಕೊಟ್ಟರೆ ಮತ್ತೊಂದು ಅವಕಾಶ ಕೇಳಬಹುದು. ಊರಿನ ಹಿರಿಯರ ಅಥವಾ ಪಾದ್ರಿಯ ಪತ್ರ ಜೊತೆಗಿರಬೇಕು.

ಪರ್ಮಿಲಾ ಬೆರಳು ಮಡಚಿ ಲೆಕ್ಕ ಹಾಕಿದಳು. "ನೀವು ಬಂದಿದ್ದು ಯಾವತ್ತು? ಹನ್ನೆರಡು ದಿನದ ಹಿಂದೆ, ಶುಕ್ರವಾರ. ಹಂಗಾದ್ರೆ ಹತ್ತನೇ ದಿನ... ನಾಡಿದ್ದು! ನಾಡಿದ್ದು ನಾಲ್ಕು ಗಂಟೆಗೆ ಕಚೇರಿ ಮುಚ್ಚುತ್ತೆ. ಆಮೇಲೆ ಆ ಸೊನ್ನೆ ಅಳಿಸೋಕೆ ಯಾರ ಕೈಲೂ ಆಗಲ್ಲ."

"ಇದೆಲ್ಲಾ ಕಾಗದದ ಮಾತು" ಎಂದಳು ಅತ್ತೆ. "ತಪ್ಪಾಗಿದೆ, ಕ್ಷಮೆ ಕೇಳ್ಬೇಕು. ಅದಕ್ಕೆ ನಮ್ಮಲ್ಲಿ ದಾರಿ ಇದೆ. ಒಳ್ಳೇ ಯಂಗೋನಾ ಬೇರಿನ ಕಟ್ಟು ತಗೊಂಡು ನಾನು ಹೋಗ್ತೀನಿ, ಇವಳ ಪರವಾಗಿ ನಾನು ಮಾತಾಡ್ತೀನಿ." ಯಂಗೋನಾ ಅಂದರೆ ನಮ್ಮವರು ಕುಟ್ಟಿ ನೀರಿನಲ್ಲಿ ಕಲಸಿ ಹಿರಿಯರ ಜೊತೆ ಕೂತು ಕುಡಿಯುವ ಬೇರು.

"ಬೇರು ಕೊಟ್ರೆ ಲಂಚ ಅಂದ್ಕೋತಾರೆ ಲೈಸಾನಿ."

"ಲಂಚಾನಾ!" ಅತ್ತೆಯ ಮೂಗು ಅರಳಿತು. "ನಮ್ಮ ಮುತ್ತಾತನ ಕಾಲದಿಂದ ಬೇರಿಲ್ದೆ ಯಾರ ಹೊಸ್ತಿಲೂ ತುಳಿದಿಲ್ಲ ನಾವು. ನೀವೆಲ್ಲಾ ದೀಪಾವಳಿಗೆ ಪಕ್ಕದ ಮನೆಗೆ ಸಿಹಿ ಹಂಚ್ತೀರಲ್ಲ, ಅದೂ ಲಂಚಾನಾ?"

"ಪಕ್ಕದ ಮನೇವ್ರು ನನ್ನ ಮಗಳ ಉತ್ತರ ಪತ್ರಿಕೆ ತಿದ್ತಾ ಇರ್ಲಿಲ್ವಲ್ಲಾ!"

ನನಗೆ ನಗು ಬಂತು. ಅತ್ತೆಗೂ ಬಂತು, ತಡೆದುಕೊಂಡಳು.

"ಇನ್ನೊಂದು ಮಾತು" ಎಂದಳು ಪರ್ಮಿಲಾ. "ಅಲ್ಲಿ ದೊಡ್ಡೋರು ಮಾತಾಡಿದ್ರೆ ನಡೆಯಲ್ಲ. ಓದೋಳು ಇವಳು, ಬಾಯಿ ಬಿಡ್ಬೇಕಾದೋಳೂ ಇವಳೇ. ಈ ಉನೈಸಿ" ಎಂದು ನನ್ನ ಕಡೆ ತಿರುಗಿ, "ಊರಿಗೆ ಹೋಗೋ ಮುಂಚೆ ಸೂಪರ್‌ವೈಸರ್ ಹತ್ರ ಹೋಗಿ ರಜೆ ಕೇಳಿದ್ಲು ತಾನೆ? ಮಾತೇ ಆಡ್ದೋಳು, ಮೂರು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದು, ನಾಲ್ಕನೇ ಸಲ ಕೇಳಿದ್ಲು. ಕೆಲಸ ಉಳೀತು. ಓದೂ ಒಂದು ಕೆಲಸಾನೇ ಕಣಮ್ಮ."

ಅತ್ತೆ ನನ್ನನ್ನು ಹೊಸಬಳಂತೆ ನೋಡಿದಳು. ಆಮೇಲೆ ಫೋನು ಕೈಗೆತ್ತಿಕೊಂಡು ಊರಿನ ಹಿರಿಯನ ಹೆಂಡತಿಗೆ ಕರೆ ಮಾಡಿದಳು. ನಮ್ಮ ದ್ವೀಪದಲ್ಲಿ ಫೋನು ಸಿಗುವುದು ಚರ್ಚಿನ ಹಿಂದಿನ ದಿಬ್ಬದ ಮೇಲೆ ಮಾತ್ರ. ಯಾರಾದರೂ ದಿಬ್ಬ ಹತ್ತಿದ್ದರೆ ಸರಿ. ಅವತ್ತು ಯಾರೂ ಹತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಸಿಕ್ಕರು. ಪತ್ರದ ಫೋಟೋ ಬಂದದ್ದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಮೊದಲ ಹನ್ನೆರಡು ಸಾಲು ನಮ್ಮ ತಾತನ ವಂಶ, ಅವರು ಹಿಡಿದ ಮೀನು, ಕಟ್ಟಿದ ದೋಣಿ. ಕೊನೆಯ ಸಾಲಿನಲ್ಲಿ ತೀರಿಕೊಂಡ ದಿನ ಮತ್ತು ಹಡಗು ಹೊರಟ ದಿನ. ಪರ್ಮಿಲಾ ಗ್ರಂಥಾಲಯಕ್ಕೆ ಹೋಗಿ ಅದನ್ನು ಕಾಗದದ ಮೇಲೆ ಅಚ್ಚು ಮಾಡಿಸಿ ತಂದಳು.

ಎರಡು ಗಂಟೆಗೆ ಮೇಡಂ ಕೋಣೆಗೆ ಹೋದೆವು. ಪಾಠ ಮಾಡುವ ಡಾಕ್ಟರ್ ಅಲೇನಾ ಸಮೋವಾದವರು. ಅತ್ತೆ ಯಾರ ಮಾತನ್ನೂ ಕೇಳದೆ ಯಂಗೋನಾ ಕಟ್ಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದೇಬಿಟ್ಟಿದ್ದಳು. ಒಳಗೆ ಹೋದವಳೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ನಾವೂ ಕೂತೆವು. ಮೇಡಂ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕುರ್ಚಿಯಿಂದ ಎದ್ದು ಬಂದು ಅವರೂ ನಮ್ಮೆದುರು ನೆಲದ ಮೇಲೆ ಕೂತರು.

ಅತ್ತೆ ಕಟ್ಟನ್ನು ಮುಂದಿಟ್ಟು ಹಳೆಯ ಕ್ರಮದಲ್ಲಿ ಮಾತು ಶುರು ಮಾಡಿದಳು. ಮೇಡಂ ತಲೆ ತಗ್ಗಿಸಿ ಕೊನೆಯ ತನಕ ಕೇಳಿದರು.

"ಅಮ್ಮಾ, ನಿಮ್ಮ ಮಾತು ನನ್ನ ತಲೆ ಮೇಲಿದೆ" ಎಂದರು. "ಆದ್ರೆ ಈ ಬೇರನ್ನ ನಾನು ಇವತ್ತು ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಿಮ್ಮ ಹುಡುಗಿ ಬರೆದದ್ದಕ್ಕೆ ಬೆಲೆ ಇರಲ್ಲ. ಇವಳು ಪದವಿ ತಗೊಂಡ ದಿನ ಕರೀರಿ. ನಾನೇ ನಿಮ್ಮ ಮನೆಗೆ ಬಂದು ಚಾಪೆ ಮೇಲೆ ಕೂತು ಇಸ್ಕೋತೀನಿ. ಈಗ ಏನಾಯ್ತು ಅಂತ ನಂಗೆ ಇವಳ ಬಾಯಿಂದ ಕೇಳ್ಬೇಕು."

ತಿತಿಲಿಯಾ ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ನರ್ಸಮ್ಮನ ಮುಂದೆ ನೋಡುತ್ತಿದ್ದಳಲ್ಲ, ಅದೇ ನೋಟ. ಹೇಳಬೇಕಾದ ಮಾತೆಲ್ಲಾ ನನ್ನ ನಾಲಿಗೆಯ ತುದಿಗೆ ಬಂದಿತ್ತು.

ನಾನು ಮುಖ ತಿರುಗಿಸಿ ಕಿಟಕಿಯ ಆಚೆ ನೋಡತೊಡಗಿದೆ. ಹುಲ್ಲಿನ ಮೇಲೆ ಒಂದು ಮೈನಾ ಹಕ್ಕಿ ರೊಟ್ಟಿಯ ಚೂರನ್ನು ಎಳೆದಾಡುತ್ತಿತ್ತು. ಅದನ್ನೇ ನೋಡಿದೆ. ನನ್ನ ಜೀವಮಾನದಲ್ಲಿ ಒಂದು ಹಕ್ಕಿಯನ್ನು ಅಷ್ಟು ಹೊತ್ತು ನೋಡಿಲ್ಲ.

"ಮೇಡಂ" ಎಂಬ ದನಿ ಕೇಳಿತು. ತೆಳುವಾಗಿತ್ತು. "ಮೇಡಂ, ನಮ್ಮ ತಾತ ತೀರ್ಕೊಂಡ್ರು. ನಾನು ಹೋಗೋ ಮುಂಚೆ ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು. ಪರೀಕ್ಷೆ ಮತ್ತೆ ಬರೀತೀನಿ. ಪ್ರಬಂಧ ಬರೆದು ಮುಗಿಸಿದೀನಿ, ಬ್ಯಾಗಲ್ಲೇ ಇದೆ. ನಂಗೆ ಇಲ್ಲೇ ಓದ್ಬೇಕು."

ಕೊನೆಯ ಮಾತು ತೆಳುವಾಗಿರಲಿಲ್ಲ.

ಅತ್ತೆ ಸದ್ದಿಲ್ಲದೆ ಯಂಗೋನಾ ಕಟ್ಟನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮೇಡಂ ಅರ್ಜಿ ತುಂಬಿಸಿ ಸಹಿ ಹಾಕಿದರು. ಒಪ್ಪುವುದು ಬಿಡುವುದು ಸಮಿತಿಗೆ ಬಿಟ್ಟದ್ದು, ನಾನು ಮಾತು ಕೊಡಲಾರೆ ಎಂದೂ ಹೇಳಿದರು. ಆಮೇಲೆ ಕೇಳಿದರು: "ಇಷ್ಟು ದಿನ ಪಾಠಕ್ಕೆ ಯಾಕೆ ಬರ್ಲಿಲ್ಲ?"

"ಬರ್ತಿದ್ದೆ ಮೇಡಂ. ಬಾಗಿಲ ಹೊರಗೆ ಕೂರ್ತಿದ್ದೆ. ನಿಮ್ಮ ಮುಂದೆ ಹಾದು ಹೋಗೋಕೆ..."

ಮೇಡಂಗೆ ಮುಂದಿನದು ಹೇಳಬೇಕಾಗಲಿಲ್ಲ. ಅವರೂ ದ್ವೀಪದವರೇ. "ಹಿಂದೆ ಮೇಲ್ಗಡೆ ಇನ್ನೊಂದು ಬಾಗಿಲಿದೆಯಲ್ಲಮ್ಮ! ತಡವಾದ್ರೆ ಅಲ್ಲಿಂದ ಬಂದು ಕೊನೇ ಸಾಲಲ್ಲಿ ಕೂತ್ಕೋಬಹುದು. ಯಾರೂ ಹೇಳ್ಲಿಲ್ವಾ?"

ನನ್ನ ಮುಖ ಕೆಂಡದಂತಾಯಿತು. ಆ ಬಾಗಿಲನ್ನು ಪ್ರತಿದಿನ ಬೆಳಿಗ್ಗೆ ತೆರೆಯುವವಳೇ ನಾನು. ಅದರ ಬೀಗದ ಕೈ ಆ ಹೊತ್ತಿನಲ್ಲೂ ನನ್ನ ಸೊಂಟದಲ್ಲಿತ್ತು. ಅದು ನಮ್ಮಂಥ ಕೆಲಸದವರ ಬಾಗಿಲು ಎಂದೇ ತಿಳಿದಿದ್ದೆ. ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರೂವರೆಗೆ ಅರ್ಜಿ ಕಚೇರಿ ಸೇರಿತು. ಮುಂದಿನ ವಾರ ಸಮಿತಿ ಒಪ್ಪಿತು. ತಿತಿಲಿಯಾ ಪ್ರಬಂಧ ಕೊಟ್ಟಳು, ಪರೀಕ್ಷೆ ಬರೆದಳು. ಎತ್ತಿ ತೋರಿಸುವಂಥ ಅಂಕ ಬರಲಿಲ್ಲ, ಆದರೆ ಪಾಸಾದಳು. ಎರಡೂ ಸೊನ್ನೆ ಅಳಿದವು.

ಆ ಕಾಗದದ ಕಟ್ಟು ಪ್ಲಾಸ್ಟಿಕ್ಕಿನಿಂದ ಹೊರಗೆ ಬಂತು. ಅದರಲ್ಲಿದ್ದ ತಾರೀಖುಗಳನ್ನೆಲ್ಲ ಚರ್ಚಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಹಾಕಿದೆವು. ಅತ್ತೆಗೆ ಅದು ಬೈಬಲಿನಷ್ಟೇ ಬಾಯಿಪಾಠವಾಯಿತು. "ಹದಿನಾಲ್ಕಕ್ಕೆ ಪ್ರಬಂಧ ಇದೆ, ಇನ್ನೂ ಶುರುನೇ ಮಾಡಿಲ್ವಲ್ಲೇ!" ಎಂದು ಪಾತ್ರೆ ತೊಳೆಯುತ್ತಲೇ ಕೂಗುತ್ತಿದ್ದಳು. ಮೊದಲೆಲ್ಲ ಸಂಜೆಗೆ ಯಾರೇ ನೆಂಟರು ಬಂದರೂ ತಿತಿಲಿಯಾಳೇ ಟೀ ಕೊಡಬೇಕಿತ್ತು, ಹಾಡಿನ ಅಭ್ಯಾಸಕ್ಕೆ ದಿನಾ ಚರ್ಚಿಗೆ ಹೋಗಬೇಕಿತ್ತು. ಈಗ ಅತ್ತೆ ಬಾಗಿಲಲ್ಲೇ ನಿಂತು, "ಎಂಟು ಗಂಟೆ ತನಕ ಆ ಹುಡುಗಿ ಮನೇಲಿಲ್ಲ ಅಂತ ತಿಳ್ಕೊಳ್ಳಿ" ಅನ್ನುತ್ತಿದ್ದಳು. ತಿತಿಲಿಯಾ ಒಳಗಿನಿಂದ ಕೆಮ್ಮಿದರೂ ಹಾಗೇ ಅನ್ನುತ್ತಿದ್ದಳು.

ತಿತಿಲಿಯಾ ಒಬ್ಬಳೇ ಓದುವುದನ್ನೂ ಬಿಟ್ಟಳು. ಟೋಂಗಾ ದ್ವೀಪದ ಒಬ್ಬಳು, ಕಿರಿಬಾಸ್ ದ್ವೀಪದ ಇಬ್ಬರು ಅವಳ ಜೊತೆ ಸೇರಿ ಗ್ರಂಥಾಲಯದಲ್ಲಿ ಒಂದು ಮೇಜು ಹಿಡಿದರು. ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ಹೇಳುವುದು. ನಾಲ್ವರಿಗೂ ತಿಳಿಯದಿದ್ದರೆ ನಾಲ್ವರೂ ಒಟ್ಟಿಗೆ ಹೋಗಿ ಮೇಡಂ ಬಾಗಿಲು ತಟ್ಟುವುದು. ಅತ್ತೆ ಬೇಯಿಸಿದ ಮರಗೆಣಸು ಕಟ್ಟಿ ಕಳಿಸುತ್ತಿದ್ದಳು.

ಯಂಗೋನಾ ಕಟ್ಟು ಕಪಾಟಿನ ಮೇಲೆ ಹೋಯಿತು. ಯಾರಿಗೂ ಮುಟ್ಟಲು ಬಿಡಲಿಲ್ಲ ಅತ್ತೆ. ಒಮ್ಮೆ ಮದುವೆ, ಒಮ್ಮೆ ಚಂಡಮಾರುತ, ಒಮ್ಮೆ ಪಾದ್ರಿಯವರೇ ಬಂದದ್ದು. ಬೇರೆ ಬೇರು ಕೊಂಡು ತಂದಳೇ ಹೊರತು ಅದನ್ನು ಇಳಿಸಲಿಲ್ಲ.

ಮೂರನೇ ವರ್ಷದ ಕೊನೆಗೆ ಅದನ್ನು ಇಳಿಸಿದೆವು.

ಅವತ್ತು ತಿತಿಲಿಯಾ ಕಪ್ಪು ನಿಲುವಂಗಿಯ ಮೇಲೆ ಅತ್ತೆ ಮರದ ತೊಗಟೆಯ ನಾರು ಬಡಿದು ಮಾಡಿದ ಬಟ್ಟೆಯ ಪಟ್ಟಿ ಹಾಕಿಕೊಂಡು ವೇದಿಕೆ ಹತ್ತಿದಳು. ಎಲ್ಲರ ಮುಂದೆ, ನೆಟ್ಟಗೆ. ಇಳಿದು ಬಂದವಳು ನಮ್ಮ ಸಾಲು ದಾಟುವಾಗ ಮಾತ್ರ ಅತ್ತೆಯ ಮುಂದೆ ಸೊಂಟ ಬಗ್ಗಿಸಿ "ತಿಲೌ" ಎಂದಳು. ಅತ್ತೆ ಅಳುತ್ತಾ ಅವಳ ಬೆನ್ನಿಗೆ ಒಂದು ಏಟು ಕೊಟ್ಟಳು.

ಮಧ್ಯಾಹ್ನ ಡಾಕ್ಟರ್ ಅಲೇನಾ ಮಾತಿನಂತೆ ಮನೆಗೆ ಬಂದು ಹೊಸ ಚಾಪೆಯ ಮೇಲೆ ಕೂತರು. ಪರ್ಮಿಲಾ ಹೊಸ ಸೀರೆ ಉಟ್ಟು ಅವರ ಪಕ್ಕದಲ್ಲಿ ಕೂತಿದ್ದಳು. ಅತ್ತೆ ಕಟ್ಟನ್ನು ಮುಂದಿಟ್ಟಳು, ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮತ್ತೆ ತೆರೆದಳು, ಬರೀ ಕಣ್ಣೀರು. ತಿತಿಲಿಯಾ ನನ್ನ ಕಡೆ ನೋಡಿದಳು, ನಗುತ್ತಾ ಮುಖ ತಿರುಗಿಸಿ ಕಿಟಕಿಯ ಆಚೆ ನೋಡತೊಡಗಿದಳು.

ಹಾಗಾಗಿ ನಾನೇ ಮಾತಾಡಿದೆ. "ಮೇಡಂ, ಇದು ನಮ್ಮ ಮನೆಯ ಬೇರು. ಮೂರು ವರ್ಷ ಕಾದಿದೆ. ಇವಳು ನಮ್ಮ ಊರಿಂದ ಮೊದಲನೆಯವಳು, ಕೊನೆಯವಳಲ್ಲ."

ಮೇಡಂ ಕಟ್ಟನ್ನು ಎರಡೂ ಕೈಯಿಂದ ತೆಗೆದುಕೊಂಡರು.

ಈಗ ಈ ಕಥೆ ಓದುತ್ತಿರುವ, ಕೇಳುತ್ತಿರುವ ನಿಮಗೆ ನನ್ನದೊಂದು ಮಾತು. ಈ ವರ್ಷ ಹೊಸದಾಗಿ ವಿಶ್ವವಿದ್ಯಾಲಯಕ್ಕೆ ಕಾಲಿಡುತ್ತಿರುವ ತಂಗಿಯರೇ, ತಮ್ಮಂದಿರೇ, ಮೊದಲ ವಾರ ಕೊಡುವ ಕಾಗದವನ್ನು ಜೋಪಾನ ಮಾಡಬೇಡಿ, ಓದಿ. ಊರಿಗೆ ಹೋಗಬೇಕಾದರೆ ಹೇಳಿ ಹೋಗಿ. ಹೇಳದೆ ಹೋಗಿಬಿಟ್ಟಿದ್ದರೆ ಬಂದ ದಿನವೇ ಹೋಗಿ ಹೇಳಿ. ತಿಳಿಯದ್ದನ್ನು ಕೇಳಿದವರ ಮರ್ಯಾದೆ ಹೋದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಅಲ್ಲಿ ಹತ್ತು ವರ್ಷದಿಂದ ನೆಲ ಒರೆಸುತ್ತಿದ್ದೇನೆ, ನೋಡಿದ್ದರೆ ಗೊತ್ತಿರುತ್ತಿತ್ತು. ಮನೆಯ ಹಿರಿಯರೇ, ಮಗುವಿನ ಪರವಾಗಿ ಮಾತಾಡುವ ಆಸೆಯನ್ನು ಸ್ವಲ್ಪ ನುಂಗಿಕೊಳ್ಳಿ. ಅವರಿಗೆ ಸಂಜೆಯ ಒಂದಿಷ್ಟು ಹೊತ್ತು ಬಿಟ್ಟುಕೊಡಿ. ಟೀ ನೀವೇ ಕೊಡಿ.

ದಾರಿ ಗೊತ್ತಿಲ್ಲದಿದ್ದರೆ ಎದುರು ಸಿಕ್ಕವರನ್ನು ಕೇಳಿ. ಪೊರಕೆ ಹಿಡಿದವರನ್ನಾದರೂ ಕೇಳಿ. ಹಿಂದಿನ ಬಾಗಿಲು ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಈಗ ನಾನು ಬೆಳಿಗ್ಗೆ ಅದನ್ನು ತೆರೆದು, ಕಲ್ಲು ಅಡ್ಡ ಇಟ್ಟು, ಹೊರಗೆ ಯಾರಾದರೂ ಕೂತಿದ್ದಾರಾ ಎಂದು ಒಮ್ಮೆ ನೋಡಿಯೇ ಬಕೆಟ್ಟು ಎತ್ತುತ್ತೇನೆ. ಕೂತಿದ್ದರೆ ಕರೆಯುತ್ತೇನೆ. ನೀವು ಒಳಗೆ ಬನ್ನಿ.